ಸಣ್ಣ ತೊಟ್ಟಿಯೊಳಗಿನ ಗಾಳಿ

ಐಗಳಿ
9 ಫೆಬ್ರುವರಿ 2025

ಚಿ. ಉಜ್ವಲಾಗೆ ಆಶೀರ್ವಾದ.

ಭರತ ದಿನಾ ನಿನ್ನ ಜೊತೆ ಫೋನಿನಲ್ಲಿ ಮಾತಾಡುತ್ತಾನೆ. ನಾನು ಪಕ್ಕದಲ್ಲೇ ಕೂತು ಅವನ ತುಟಿ ನೋಡುತ್ತಿರುತ್ತೇನೆ. ಮುಗಿದ ಮೇಲೆ "ಏನಂದ್ಳೋ?" ಅಂತ ಕೇಳಿದರೆ "ಆರಾಮ ಅದಾಳಬೇ" ಅನ್ನುತ್ತಾನೆ. ಅರ್ಧ ತಾಸಿನ ಮಾತಿನ ಸಾರ ಇಷ್ಟೇ ಏನು? ಗಂಡ ಹೆಂಡತಿ ಆಡಿದ್ದೆಲ್ಲ ನನಗೆ ಬೇಡ, ಆದರೆ ಸೊಸೆ ಏನು ಉಣ್ಣುತ್ತಾಳೆ, ಎಲ್ಲಿ ಮಲಗುತ್ತಾಳೆ ಅನ್ನುವುದಾದರೂ ಬೇಕಲ್ಲ. ನನ್ನ ಕಿವಿಗೆ ಫೋನು ಒಗ್ಗುವುದಿಲ್ಲ. ಕಿವಿಯಂತ್ರ ಹಾಕಿ ಹಿಡಿದರೆ ನಿನ್ನ ಮಾತಿಗಿಂತ ಸಿಳ್ಳೆಯೇ ಜಾಸ್ತಿ ಕೇಳಿಸುತ್ತದೆ. ಮಂಗಸೂಳಿ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಹಾಗಾಗಿ ನಾನು ಬರೆಯುತ್ತೇನೆ, ನೀನೂ ಬರೆ.

ಇಲ್ಲಿ ದ್ರಾಕ್ಷಿ ಕಟಾವು ಜೋರಾಗಿದೆ. ಶೆಡ್ಡಿನ ಬಲೆಗಳ ಮೇಲೆ ಕಾಯಿ ಒಣಗಲು ಹಾಕಿದ್ದೇವೆ. ಬಿಸಿಲು ಚೆನ್ನಾಗಿ ಬಿದ್ದಿದೆ, ಈ ವರ್ಷದ ಒಣದ್ರಾಕ್ಷಿಗೆ ಒಳ್ಳೆಯ ಹಸಿರು ಬಣ್ಣ ಬರುತ್ತದೆ. ನಿನ್ನೆ ಲಗಮವ್ವ, ಕೋಲ್ಡ್ ಸ್ಟೋರೇಜಿನಲ್ಲಿ ಕಾಯಿ ಆರಿಸುವ ಹೆಂಗಸರ ಮುಂದಾಳು, ಎಲ್ಲರೆದುರು ಕೇಳಿದಳು:

"ಅಕ್ಕಾರ, ನಿಮ್ಮ ಸೊಸಿ ಹಡಗಾ ನಡಸ್ತಾಳಂತಲ್ರಿ?"

"ನಡಸೂದಿಲ್ಲವಾ, ಅದು ಸಿಡೀಲಾರದಂಗ ಕಾಯತಾಳ" ಅಂದೆ. ಸರಿಯಾಗಿ ಹೇಳಿದೆನೋ ಇಲ್ಲವೋ ನನಗೇ ಗೊತ್ತಿಲ್ಲ. ನೀನು ಬಿಡಿಸಿ ಬರೆದರೆ ಅವಳಿಗೂ ಓದಿ ಹೇಳುತ್ತೇನೆ.

ನಿನ್ನ ಮಾಮಾ, ಅಂದರೆ ನಮ್ಮ ಮನೆಯವರು, ನೀನು ಹೊರಟ ದಿನ ಬೆಳಗ್ಗೆಯೇ ತೋಟಕ್ಕೆ ಹೋಗಿಬಿಟ್ಟಿದ್ದು ನಿನಗೆ ನೋವಾಗಿರಬೇಕು. ದ್ರಾಕ್ಷಿ ಬೆಳೆಗಾರರ ಸಂಘದ ಕೋಲ್ಡ್ ಸ್ಟೋರೇಜು ತಾನು ಅಧ್ಯಕ್ಷನಾಗಿ ಕಟ್ಟಿಸಿದ್ದು, ಇಂಜಿನಿಯರ್ ಸೊಸೆ ಬಂದಳು, ಇನ್ನು ಅದನ್ನು ಅವಳೇ ನೋಡಿಕೊಳ್ಳುತ್ತಾಳೆ ಅಂತ ಅವರು ಮನಸ್ಸಿನಲ್ಲಿ ಬರೆದುಕೊಂಡಿದ್ದರು. "ಮನಿಯಾಗ ಇಷ್ಟ ಐತಿ, ಸಮುದ್ರದಾಗ ಏನೈತಿ?" ಅಂದವರು ಆಮೇಲೆ ನಿನ್ನ ಹೆಸರೇ ತೆಗೆದಿಲ್ಲ. ನಾನು ಹೋಗು ಅಂದೆ, ನೀನು ಹೋದೆ. ಅದರಲ್ಲಿ ತಪ್ಪು ಹುಡುಕುವವರು ನನ್ನ ಹತ್ತಿರ ಬರಲಿ.

ಮೀನು ತಿನ್ನದಿದ್ದರೆ ಅಲ್ಲಿ ಏನು ತಿನ್ನುತ್ತೀ?

ನಿನ್ನ ಅತ್ತೆ, ನಿನ್ನ ಬಾಯಲ್ಲಿ ಆಯಿ,
ಸೋನಾಬಾಯಿ


ರತ್ನಾಗಿರಿ ಸೀಮೆ
26 ಫೆಬ್ರುವರಿ 2025

ಪ್ರೀತಿಯ ಆಯಿ,

ನಿಮ್ಮ ಅಕ್ಷರ ನೋಡಿ ಊಟದ ಡಬ್ಬಿ ಪಕ್ಕಕ್ಕಿಟ್ಟೆ. ಡಬ್ಬಿಯಲ್ಲಿ ಅನ್ನ, ತೆಂಗಿನಕಾಯಿ ಹಾಕಿದ ಆಮಟಿ ಸಾರು, ಬಟಾಟೆ ಭಾಜಿ. ಮೀನು ತಿನ್ನದವಳು ಅಂತ ಕ್ಯಾಂಟೀನಿನವರು ನನ್ನನ್ನು ಕನಿಕರದಿಂದ ನೋಡುತ್ತಾರೆ. ನೀವು ಕಟ್ಟಿಕೊಟ್ಟ ಶೇಂಗಾ ಹಿಂಡಿ ಇರುವವರೆಗೆ ನನಗೆ ಯಾರ ಕನಿಕರವೂ ಬೇಡ.

ಲಗಮವ್ವನಿಗೆ ನೀವು ಹೇಳಿದ್ದು ಸರಿಯಾಗಿಯೇ ಇದೆ. ಇಲ್ಲಿ ನಾವು ಕಟ್ಟುತ್ತಿರುವುದು ಖಾಡಿಯ, ಅಂದರೆ ನೆಲದೊಳಗೆ ಚಾಚಿದ ಸಮುದ್ರದ, ಈ ದಂಡೆಯಿಂದ ಆ ದಂಡೆಗೆ ಜನರನ್ನು ದಾಟಿಸುವ ಹಡಗು. ಡೀಸೆಲ್ ಇಲ್ಲ, ಹೊಗೆ ಇಲ್ಲ, ಗುಡುಗುಡು ಸದ್ದೂ ಇಲ್ಲ. ಮಾಳಿಗೆಯ ಮೇಲೆ ಸಿಲಿಂಡರುಗಳಲ್ಲಿ ಹೈಡ್ರೋಜನ್ ಗ್ಯಾಸು. ಕೆಳಗಿನ ಕೋಣೆಯಲ್ಲಿ ಫ್ಯೂಯೆಲ್ ಸೆಲ್ ಅನ್ನುವ ಯಂತ್ರಗಳು. ನೀವು ಖಡಕ್ ರೊಟ್ಟಿ ಒಟ್ಟುವ ಹಾಗೆ ನೂರಾರು ತೆಳು ತಗಡುಗಳನ್ನು ಒಟ್ಟಿ ಬಿಗಿದು ಒಂದೊಂದು ಯಂತ್ರ ಮಾಡಿರುತ್ತಾರೆ. ತಗಡಿನ ಒಂದು ಬದಿಗೆ ಹೈಡ್ರೋಜನ್ ಹರಿಯುತ್ತದೆ, ಇನ್ನೊಂದು ಬದಿಗೆ ಗಾಳಿ. ನಡುವಿನ ಪೊರೆಯಲ್ಲಿ ಎರಡೂ ಕೂಡಿದಾಗ ಬೆಂಕಿಯಿಲ್ಲದೆ ಕರೆಂಟು ಹುಟ್ಟುತ್ತದೆ. ಜೊತೆಗೆ ಬಿಸಿಯೂ ಹುಟ್ಟುತ್ತದೆ. ಆ ಬಿಸಿಯನ್ನು ಹೊರಗೆ ಒಯ್ಯಲು ತಗಡುಗಳ ಸಂದಿನ ಸಣ್ಣ ಕಾಲುವೆಗಳಲ್ಲಿ ತಣ್ಣೀರು ಸುತ್ತುತ್ತಿರುತ್ತದೆ. ಕಾದಾಗ ಹಿಗ್ಗಿದ ನೀರು ಬಂದು ನಿಲ್ಲಲು ಒಂದು ಸಣ್ಣ ತೊಟ್ಟಿ ಇದೆ.

ಹೈಡ್ರೋಜನ್ ಬಹಳ ಹಗುರ, ಬಹಳ ಚುರುಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊತ್ತಿದರೆ ಹಗಲಿನಲ್ಲಿ ಉರಿಯೂ ಕಾಣುವುದಿಲ್ಲ. ಅದು ಎಲ್ಲಿ ಸೋರಬಹುದು, ಸೋರಿದರೆ ಹೇಗೆ ಗೊತ್ತಾಗಬೇಕು, ಗೊತ್ತಾದ ತಕ್ಷಣ ಏನು ಮುಚ್ಚಬೇಕು, ಏನು ತೆರೆಯಬೇಕು, ಇದಿಷ್ಟೂ ನನ್ನ ಹೊಣೆ. ನಾನು ಸಹಿ ಹಾಕದೆ ಹಡಗನ್ನು ಒಬ್ಬ ಪ್ರಯಾಣಿಕನೂ ಹತ್ತುವಂತಿಲ್ಲ. ಮೇಲಿನವರು ದಳವಿ ಸಾಹೇಬರು, ಮೂವತ್ತು ವರ್ಷ ಹಡಗು ಕಟ್ಟಿದವರು. ಮೇ ಒಂದಕ್ಕೆ ಹಡಗು ಬಿಡಬೇಕೆಂದು ಮಂತ್ರಿಗಳ ದಿನಾಂಕ ಗೊತ್ತಾಗಿದೆ.

ಉಗಾರ ಬುದ್ರುಕದಲ್ಲಿ ಕೃಷ್ಣೆಯ ಹೊಳೆದಂಡೆಯಲ್ಲಿ ಬೆಳೆದವಳು ನಾನು, ನೀರಿನ ಅಂಜಿಕೆ ಇಲ್ಲ. ಕೆಲಸದ ಅಂಜಿಕೆಯೂ ಇಲ್ಲ. ಇದು ನನ್ನಿಂದ ಆಗುತ್ತದೆ ಆಯಿ.

ಮಾಮಾ ಹೇಗಿದ್ದಾರೆ ಅಂತ ಕೇಳುವುದಿಲ್ಲ. ನೀವಾಗಿಯೇ ಬರೆಯುತ್ತೀರಿ.

ನಿಮ್ಮ,
ಉಜ್ವಲಾ


ಐಗಳಿ
23 ಮಾರ್ಚ್ 2025

ಚಿ. ಉಜ್ವಲಾ,

ನಿನ್ನ ಕಾಗದವನ್ನು ಲಗಮವ್ವನಿಗೆ ಓದಿ ಹೇಳಿದೆ. ಖಡಕ್ ರೊಟ್ಟಿಯ ಮಾತು ಬಂದಾಗ ಹೆಂಗಸರೆಲ್ಲ ನಕ್ಕರು. ಆಮೇಲೆ ಅದನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದೆ. ಮೊನ್ನೆ ಉಣ್ಣಲು ಕೂತಾಗ ನಿನ್ನ ಮಾಮಾ ತಾಟು ನೋಡುತ್ತ ಕೇಳಿದರು:

"ವಾಸನಿ ಇಲ್ಲ, ಬಣ್ಣ ಇಲ್ಲ. ಮತ್ತ ಸೋರಿದ್ದು ತಿಳಿಯೂದರೆ ಹೆಂಗ?"

"ಯಾವದು?" ಅಂದೆ, ಬೇಕೆಂದೇ.

"ಅದ… ಹಡಗಿನ ಗ್ಯಾಸ" ಅಂದರು. "ನನಗೇನ ಗೊತ್ತ್ರಿ, ಬರದು ಕೇಳ್ರಿ" ಅಂದೆ. ಇನ್ನೊಂದು ರೊಟ್ಟಿ ಹಾಕು ಅಂದರು. ಆದ್ದರಿಂದ ಕೇಳುತ್ತಿರುವವಳು ನಾನೇ ಅಂತ ತಿಳಿದು ಉತ್ತರ ಬರೆ.

ಗ್ಯಾಸಿನ ಮಾತು ಬಂತಲ್ಲ, ಇಲ್ಲಿಯ ಸುದ್ದಿ ಕೇಳು. ಕೋಲ್ಡ್ ಸ್ಟೋರೇಜು ಈ ಸಲ ಮಾಳಿಗೆಯವರೆಗೆ ತುಂಬಿದೆ. ಸುತ್ತಲಿನ ಊರುಗಳ ಒಣದ್ರಾಕ್ಷಿಯೆಲ್ಲ ಅಲ್ಲೇ ಇದೆ. ಒಂದು ವಾರದಿಂದ ಲಗಮವ್ವನ ಕಣ್ಣು ಉರಿಯುತ್ತಿದೆ. ಅವಳ ಜೊತೆಗಾರ್ತಿ ಸುಂದರಾಗೆ ಕೆಮ್ಮು ಬಿಟ್ಟಿಲ್ಲ. ಆರಿಸುವ ಜಾಗದಲ್ಲಿ ಕೂತರೆ ಮೂಗಿಗೆ ಚುಚ್ಚುವ ವಾಸನೆ, ಹೊರಗೆ ಬಂದರೆ ಇಲ್ಲ. ತಂಪು ಮಾಡುವ ಯಂತ್ರದಲ್ಲಿ ಅಮೋನಿಯಾ ಗ್ಯಾಸು ಇರುತ್ತದೆ ಅಂತ ಭರತ ಹೇಳಿದ. ಮೆಕ್ಯಾನಿಕ್ ಬಂದು ಎರಡು ನಟ್ಟು ಬಿಗಿದು, "ಸೀಜನ್ ಮುಗೀಲ್ರಿ, ಆಮ್ಯಾಲ ನೋಡೂಣು" ಅಂದು ಹೋದ. ನಿನ್ನ ಮಾಮಾ ಕೂಡ "ಸ್ವಲ್ಪ ವಾಸನಿ ಎಲ್ಲಾ ಕೋಲ್ಡ್ ಸ್ಟೋರೇಜಿನ್ಯಾಗೂ ಇರ್ತೈತಿ" ಅನ್ನುತ್ತಾರೆ. ಇಷ್ಟು ಮಾಲು ಒಳಗಿಟ್ಟುಕೊಂಡು ಯಂತ್ರ ನಿಲ್ಲಿಸಿದರೆ ಬಣ್ಣ ಕಪ್ಪಾಗುತ್ತದೆ, ವರ್ಷದ ದುಡಿಮೆ ಹೋಗುತ್ತದೆ ಅನ್ನುವ ಭಯ ಅವರಿಗೆ. ಅದೂ ಸುಳ್ಳಲ್ಲ.

ಯುಗಾದಿಗೆ ನೀನಿಲ್ಲದೆ ಹೋಳಿಗೆ ಮಾಡಲು ಬೇಸರ. ಮಾಡುತ್ತೇನೆ, ಭರತ ತಿನ್ನಬೇಕಲ್ಲ.

ನಿನ್ನ ಆಯಿ,
ಸೋನಾಬಾಯಿ


ರತ್ನಾಗಿರಿ ಸೀಮೆ
11 ಏಪ್ರಿಲ್ 2025

ಪ್ರೀತಿಯ ಆಯಿ,

ಮೊದಲು ನೀವು ಕೇಳಿದ ಪ್ರಶ್ನೆಗೆ ಉತ್ತರ. ಮೂಗಿನ ಕೆಲಸವನ್ನು ಇಲ್ಲಿ ಯಂತ್ರದ ಮೂಗು ಮಾಡುತ್ತದೆ. ಹೈಡ್ರೋಜನ್ ಮೇಲಕ್ಕೇ ಏರುವುದರಿಂದ ಫ್ಯೂಯೆಲ್ ಸೆಲ್ ಇರುವ ಕೋಣೆಯ ಮಾಳಿಗೆಗೆ ಅಂಥ ಮೂಗುಗಳನ್ನು ಕೂರಿಸಿದ್ದೇವೆ. ಸ್ವಲ್ಪ ಸೋರಿದರೂ ಗಂಟೆ ಹೊಡೆಯುತ್ತದೆ, ಫ್ಯಾನುಗಳು ಜೋರಾಗುತ್ತವೆ, ಗ್ಯಾಸಿನ ಕೀಲು ತಾನೇ ಮುಚ್ಚುತ್ತದೆ.

ಆದರೆ ಗ್ಯಾಸು ನಾವು ಕಾಯುವ ಬಾಗಿಲಿನಿಂದಲೇ ಹೊರಬರಬೇಕೆಂದು ಎಲ್ಲಿದೆ?

ಹೋದ ವಾರ ಯಂತ್ರ ಓಡುತ್ತಿದ್ದಾಗ ಆ ಸಣ್ಣ ತೊಟ್ಟಿಯ ನೀರು ಕಾರಣವಿಲ್ಲದೆ ಏರುವುದು, ಇಳಿಯುವುದು ಕಂಡೆ. ಪಂಪು ಗಂಟಲು ಕಟ್ಟಿದವರಂತೆ ಗೊರಗೊರ ಅನ್ನುತ್ತಿತ್ತು. ಕೈಯಲ್ಲಿ ಹಿಡಿಯುವ ಅಳತೆಯ ಯಂತ್ರವನ್ನು ತೊಟ್ಟಿಯ ಉಸಿರುಕೊಳವೆಗೆ ಹಿಡಿದೆ. ಅದು ಕೂಗಿತು. ತಗಡುಗಳ ನಡುವೆ ಎಲ್ಲೋ ಸಂದು ಬಿಟ್ಟಿದೆ, ಹೈಡ್ರೋಜನ್ ತಣ್ಣೀರಿನೊಳಗೆ ನುಸುಳುತ್ತಿದೆ ಅನ್ನುವುದು ನನ್ನ ಲೆಕ್ಕ. ನೀರಿನ ಜೊತೆ ಸವಾರಿ ಮಾಡುತ್ತ ತೊಟ್ಟಿಗೆ ಬರುತ್ತದೆ, ಅಲ್ಲಿ ಮೇಲೆ ಬಂದು ಕೂರುತ್ತದೆ. ಆ ತೊಟ್ಟಿ ಇರುವುದು ಎಲ್ಲಿ ಗೊತ್ತೇ? ಪ್ರಯಾಣಿಕರ ಬೆಂಚುಗಳ ಹಿಂದಿನ ಮುಚ್ಚಿದ ಕಪಾಟಿನಲ್ಲಿ. "ನೀರಿನ ತೊಟ್ಟಿ ತಾನೆ, ಗ್ಯಾಸಿಗೂ ಅದಕ್ಕೂ ಏನು ಸಂಬಂಧ" ಅಂತ ನಕ್ಷೆ ಬರೆದವರು ಅಲ್ಲಿಟ್ಟಿದ್ದಾರೆ. ಅದರ ಉಸಿರುಕೊಳವೆ ಕಪಾಟಿನೊಳಗೇ ಬಿಡುತ್ತದೆ. ಅಲ್ಲಿ ಯಂತ್ರದ ಮೂಗಿಲ್ಲ, ಫ್ಯಾನಿಲ್ಲ. ಲೈಟಿನ ಸ್ವಿಚ್ಚು ಮಾತ್ರ ಇದೆ, ಅದರ ಒಂದು ಕಿಡಿ ಸಾಕು.

ದಳವಿ ಸಾಹೇಬರಿಗೆ ತೋರಿಸಿದೆ. ಅವರು ನಕ್ಕು, "ಹೊಸದಾಗಿ ನೀರು ತುಂಬಿದಾಗ ಒಳಗೆ ಗಾಳಿ ಉಳಿಯುವುದು ಇದ್ದದ್ದೇ, ನಿನ್ನ ಕೈಯಂತ್ರ ತಪ್ಪು ತೋರಿಸುತ್ತಿದೆ" ಅಂದರು. ಅವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಗಾಳಿ ಉಳಿಯುವುದು ನಿಜವೇ. ಅದಕ್ಕೆ ನಾನು ಗ್ಯಾಸು ಮುಚ್ಚಿ ಪಂಪನ್ನಷ್ಟೇ ಓಡಿಸಿ ನೋಡಿದೆ. ಕೈಯಂತ್ರ ಸುಮ್ಮನಿತ್ತು. ಗ್ಯಾಸು ಬಿಟ್ಟೆ, ಮತ್ತೆ ಕೂಗಿತು. ಬರಿಯ ಗಾಳಿಯಾಗಿದ್ದರೆ ಎರಡೂ ಸಲ ಒಂದೇ ಥರ ಇರಬೇಕಿತ್ತು. ಇಷ್ಟು ಹೇಳಿದರೂ ಅವರು "ಮೇ ಒಂದು ಆಗಲಿ, ಆಮೇಲೆ ಬಿಚ್ಚಿ ನೋಡೋಣ" ಅಂದರು.

ನಾನು ಸಹಿ ಹಾಕಲಿಲ್ಲ. ಹಾಕುವುದಿಲ್ಲ ಅಂತ ಅವರ ಎದುರಿಗೇ ಹೇಳಿ ಬಂದೆ.

ಇನ್ನು ನಮ್ಮ ಕೋಲ್ಡ್ ಸ್ಟೋರೇಜು. ಈ ಕಾಗದವನ್ನೂ ಪಡಸಾಲೆಯ ಗೂಡಿನಲ್ಲೇ ಇಡಿ. ಅಮೋನಿಯಾ ವಾಸನೆ ಇರುವ ಗ್ಯಾಸು, ತಾನು ಸೋರುತ್ತಿದ್ದೇನೆ ಅಂತ ಅದು ಕೂಗಿ ಹೇಳುತ್ತಿದೆ. ನನ್ನ ಹೈಡ್ರೋಜನ್ ಆ ಉಪಕಾರವನ್ನೂ ಮಾಡುವುದಿಲ್ಲ. ಕಣ್ಣು ಉರಿಯುವಷ್ಟು ವಾಸನೆ ಯಾವ ಕೋಲ್ಡ್ ಸ್ಟೋರೇಜಿನಲ್ಲೂ ಇರಬಾರದು. ಫೋನಿನಲ್ಲಿ ನಿಮ್ಮ ಮಗನಿಗೂ ಇದನ್ನೇ ಹೇಳಿದ್ದೇನೆ, ಅವರ ಮಾತನ್ನು ಮಾಮಾ ಕಿವಿಗೆ ಹಾಕಿಕೊಳ್ಳುತ್ತಿಲ್ಲವಂತೆ. ಹೆಂಗಸರನ್ನು ಇವತ್ತೇ ಆ ಜಾಗದಿಂದ ಎಬ್ಬಿಸಿ. ಕೊಳವೆಗಳ ಮೇಲೆ ಸುತ್ತಿದ ಹೊದಿಕೆ ಬಿಚ್ಚಿಸಿ, ಒಳಗೆ ತುಕ್ಕು ಹಿಡಿದಿದೆಯೇ ನೋಡಬೇಕು. ನಟ್ಟು ಬಿಗಿಯುವ ಕೆಲಸ ಇದಲ್ಲ.

ನಿಮ್ಮ,
ಉಜ್ವಲಾ


ಐಗಳಿ
4 ಮೇ 2025

ಚಿ. ಉಜ್ವಲಾ,

ಉತ್ತರ ತಡವಾಯಿತು. ಇಲ್ಲಿ ನಡೆದದ್ದು ಪೂರ್ತಿ ಮುಗಿಯಲಿ, ಆಮೇಲೆ ಬರೆಯೋಣ ಅಂತ ಕಾದೆ.

ನಿನ್ನ ಕಾಗದ ಗೂಡಿನಲ್ಲಿ ಇಟ್ಟೆ. ನಿನ್ನ ಮಾಮಾ ಓದಿದರು, ಮತ್ತೆ ಓದಿದರು. ಚಹಾ ಕುಡಿಯದೆ ಚಪ್ಪಲಿ ಮೆಟ್ಟಿ ಹೊರಟರು. ಲಗಮವ್ವ ಆಮೇಲೆ ಹೇಳಿದಳು: ಬಂದವರೇ ಆರಿಸುವ ಜಾಗದಲ್ಲಿ ಅವರ ನಡುವೆ ಚಕ್ಕಳಬಕ್ಕಳ ಹಾಕಿ ಕೂತುಬಿಟ್ಟರಂತೆ. ಕಣ್ಣಲ್ಲಿ ನೀರು ಸುರಿಯತೊಡಗಿದ ಮೇಲೆ ಎದ್ದು, "ಏಳ್ರಿ ಎಲ್ಲಾರೂ. ನಾ ಹೇಳೂತನಕ ಯಾರೂ ಒಳಗ ಬರಬ್ಯಾಡ್ರಿ" ಅಂದರಂತೆ.

ಅಂದೇ ಮಧ್ಯಾಹ್ನ ಬೆಳೆಗಾರರನ್ನೆಲ್ಲ ಅಂಗಳದಲ್ಲಿ ಕೂಡಿಸಿದರು. ನಾನೂ ಹೋಗಿದ್ದೆ, ಮುಂದೆಯೇ ಕೂತಿದ್ದೆ, ಮಾತು ತಪ್ಪಬಾರದು ಅಂತ. ಯಂತ್ರ ನಿಲ್ಲಿಸುತ್ತೇವೆ, ಮಾಲನ್ನು ತಾಸಗಾಂವ ಕಡೆಯ ಕೋಲ್ಡ್ ಸ್ಟೋರೇಜುಗಳಿಗೆ ಸಾಗಿಸುತ್ತೇವೆ ಅಂದಾಗ ಜನ ಎದ್ದು ನಿಂತರು. ಅಣ್ಣಾಸಾಬ ನಿನಗೆ ಗೊತ್ತಲ್ಲ, ಎಲ್ಲರಿಗಿಂತ ಹೆಚ್ಚು ಮಾಲು ಇಟ್ಟವರು. ಅವರದು ಎಲ್ಲರಿಗಿಂತ ದೊಡ್ಡ ದನಿ:

"ರಾವಸಾಹೇಬ್ರ, ತುಂಬಿದ ಸೀಜನ್ಯಾಗ ಬಂದ್ ಮಾಡ್ತೇನಂತೀರಿ! ಯಾರ್ ನಿಮ್ಮ ತಲ್ಯಾಗ ಹಾಕ್ಯಾರ ಇದನ್ನ?"

"ನನ್ನ ಕಣ್ಣ ಹಾಕ್ಯಾವ" ಅಂದರು ಇವರು. "ನೀವೂ ಬರ್ರಿ, ಒಳಗ ಹತ್ತ ಮಿನಿಟ ಕುಂದ್ರೂಣು. ಕುಂತ ಮ್ಯಾಲೂ ನಡೀಲಿ ಅಂದ್ರ ನಡಸೂಣು."

ಅಣ್ಣಾಸಾಬ ಒಳಗೆ ಹೋದರು, ಬೇಗನೆ ಹೊರಗೆ ಬಂದರು. ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ನನ್ನ ಎರಡೂ ಟ್ರಾಕ್ಟರ ಕಳಸ್ತೇನ್ರಿ" ಅಂದರು.

ಮಾಲು ಸಾಗಿಸಲು ಭರತ ರಾತ್ರಿ ಹಗಲು ಓಡಾಡಿದ. ಸ್ವಲ್ಪ ಕಾಯಿ ಬಣ್ಣ ಕೆಟ್ಟಿತು, ಸ್ವಲ್ಪ ಗೊಣಗಾಟವೂ ಆಯಿತು. ಆಮೇಲೆ ಮೀರಜದಿಂದ ಬೇರೆ ಮೆಕ್ಯಾನಿಕರು ಬಂದು, ಗ್ಯಾಸೆಲ್ಲ ಒಂದು ಕಡೆ ಎಳೆದುಕೊಂಡು, ಕೊಳವೆಯ ಹೊದಿಕೆ ಬಿಚ್ಚಿದರು. ನೀನು ಬರೆದ ಹಾಗೆಯೇ ಇತ್ತು ಉಜ್ವಲಾ. ಮೇಲೆ ಬಿಳಿ ಹೊದಿಕೆ ಹೊಸದರಂತೆ, ಒಳಗೆ ಕಬ್ಬಿಣ ಹುರಿದ ಹಪ್ಪಳದಂತೆ. ಮೆಕ್ಯಾನಿಕ್ ನಟ್ಟು ಬಿಗಿಯುವ ಪಾನಾದಿಂದ ಮೆಲ್ಲಗೆ ಬಡಿದ, ಅಂಗೈ ಅಗಲದ ತುಂಡು ಕಳಚಿ ಬಿತ್ತು. ಬಿದ್ದದ್ದು ಲಗಮವ್ವ ದಿನಾ ಕೂರುತ್ತಿದ್ದ ಜಾಗದಲ್ಲಿ. ಅವಳು ಆ ತುಂಡನ್ನು ನೋಡಿದಳು, ನಿನ್ನ ಮಾಮಾನನ್ನು ನೋಡಿದಳು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಇವರು ಅವಳಿಗೆ ನೀರು ತರಿಸಿ ಕೊಟ್ಟರು.

ಮನೆಗೆ ಬಂದ ಮೇಲೆ ನಿನ್ನ ಹೆಸರು ತೆಗೆಯುತ್ತಾರೆ ಅಂದುಕೊಂಡೆ. ತೆಗೆಯಲಿಲ್ಲ.

ಮೇ ಒಂದು ಬಂದು ಹೋಯಿತು. ನಿನ್ನ ಹಡಗಿನ ಸುದ್ದಿ ಪೇಪರಿನಲ್ಲಿ ಇಲ್ಲ. ಭರತ "ಆರಾಮ ಅದಾಳ" ಅನ್ನುತ್ತಾನೆ, ಆದರೆ ಫೋನು ಇಟ್ಟ ಮೇಲೆ ಅಂಗಳದಲ್ಲಿ ಸುಮ್ಮನೆ ಅಡ್ಡಾಡುತ್ತಾನೆ. ನನಗೆ ಕಿವಿ ಮಂದ, ಕಣ್ಣಲ್ಲ. ಏನಾಗಿದೆ ಬರೆ.

ಸೋನಾಬಾಯಿ


ರತ್ನಾಗಿರಿ ಸೀಮೆ
25 ಮೇ 2025

ಪ್ರೀತಿಯ ಆಯಿ,

ಕೊಳವೆಯ ತುಂಡಿನ ಸುದ್ದಿ ಓದಿದೆ. ಲಗಮವ್ವನಿಗೆ ನನ್ನ ನಮಸ್ಕಾರ ಹೇಳಿ. ಮಾಮಾ ಅಲ್ಲಿ ಹೋಗಿ ಕೂತದ್ದು, ನಾನು ಕೈಯಂತ್ರ ಹಿಡಿದದ್ದಕ್ಕಿಂತ ದೊಡ್ಡ ಪರೀಕ್ಷೆ. ಹಾಗಂತ ಯಾರೂ ಮಾಡಬಾರದ ಪರೀಕ್ಷೆ ಕೂಡ. ಇನ್ನೊಮ್ಮೆ ಹಾಗೆ ಕೂರಲು ಬಿಡಬೇಡಿ.

ನನ್ನ ಸುದ್ದಿ ಮುಚ್ಚಿಟ್ಟೆ ಅಂತ ಸಿಟ್ಟಾಗಬೇಡಿ. ಸಹಿ ಹಾಕದ ಮರುದಿನವೇ ನನ್ನನ್ನು ಹಡಗಿನಿಂದ ಇಳಿಸಿ ಆಫೀಸಿನ ಕುರ್ಚಿಯಲ್ಲಿ ಕೂರಿಸಿದರು. ನನ್ನ ಬದಲು ಬೇರೆಯವರಿಂದ ಸಹಿ ಹಾಕಿಸುವ ಮಾತೂ ನಡೆಯಿತು. ಹೆದರಿ ಮನೆಗೆ ಬರಬೇಕು ಅಂತ ಒಂದು ಸಲವೂ ಅನ್ನಿಸಲಿಲ್ಲ. ನನ್ನ ಹತ್ತಿರ ಅಳತೆಗಳಿದ್ದವು. ಅವನ್ನೆಲ್ಲ ಒಪ್ಪವಾಗಿ ಬರೆದು, ಹಡಗುಗಳನ್ನು ತಪಾಸಣೆ ಮಾಡಿ ಒಪ್ಪಿಗೆ ಕೊಡುವ ಸಂಸ್ಥೆಗೆ ಕಳಿಸಿದೆ. ಕಳಿಸಿದ್ದೇನೆ ಅಂತ ದಳವಿ ಸಾಹೇಬರಿಗೂ ತಿಳಿಸಿದೆ.

ತಪಾಸಣೆಗೆ ಬಂದವರು ಸಾರಿಕಾ ಮೇಡಂ ಅಂತ. ಹಡಗಿನ ಮೆಟ್ಟಿಲು ಇಳಿಯುವಾಗ ನಾನು ನಮ್ಮ ಮಾತಿನಲ್ಲಿ ಏನೋ ಗೊಣಗಿಕೊಂಡೆ. ಅವರು ತಿರುಗಿ, "ಎಲ್ಲಿಯಾಕಿ ನೀ?" ಅಂದರು! ನಿಪ್ಪಾಣಿಯವರು. "ನಮ್ಮೂರಾಕಿ ಅಂತ ನಾ ನಿನ್ನ ಕಡೆ ಆಗೂದಿಲ್ಲ ಮತ್ತ. ತೋರಿಸಿದ್ದ ನೋಡ್ತೇನಿ, ನೋಡಿದ್ದ ಬರೀತೇನಿ" ಅಂದರು. ನನಗೂ ಅಷ್ಟೇ ಬೇಕಿತ್ತು.

ಹೈಡ್ರೋಜನ್ ತೆಗೆದು, ಅದರ ದಾರಿಯಲ್ಲಿ ಬೆಂಕಿ ಹಿಡಿಯದ ನೈಟ್ರೋಜನ್ ತುಂಬಿ ಒತ್ತಡ ಕೊಟ್ಟೆವು. ಒಂದೊಂದೇ ಯಂತ್ರಕ್ಕೆ ಕೊಟ್ಟು ತೊಟ್ಟಿಯ ಗಾಜಿನ ಕೊಳವೆಯತ್ತ ಕಣ್ಣಿಟ್ಟೆವು. ಮೊದಲನೆಯದಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೂ ಇಲ್ಲ. ದಳವಿ ಸಾಹೇಬರು ಕೈ ಕಟ್ಟಿ ನಿಂತಿದ್ದರು. ಮೂರನೆಯದಕ್ಕೆ ಕೀಲು ತಿರುಗಿಸಿದಾಗ ಗಾಜಿನಲ್ಲಿ ಒಂದು ಗುಳ್ಳೆ ಎದ್ದಿತು. ಆಮೇಲೆ ಇನ್ನೊಂದು. ಆಮೇಲೆ ಸಾಲಾಗಿ, ಸೋಡಾ ಬಾಟ್ಲಿಯಲ್ಲಿ ಏಳುವ ಹಾಗೆ. ಬಿಚ್ಚಿ ನೋಡಿದರೆ ಎರಡು ತಗಡುಗಳ ನಡುವಿನ ರಬ್ಬರು ಅಂಚು ಸೀಳಿತ್ತು.

ದಳವಿ ಸಾಹೇಬರು ಹೆಲ್ಮೆಟ್ಟು ತೆಗೆದು ಬೆಂಚಿನ ಮೇಲಿಟ್ಟರು. ಆ ಬೆಂಚಿನ ಹಿಂದೆಯೇ ಕಪಾಟು. ಅದರತ್ತ ತಿರುಗಿ ಅವರು ಕೇಳಿದ್ದು ಒಂದೇ ಮಾತು: "ಕೊಳವೆಯನ್ನು ಎಲ್ಲಿಗೆ ಒಯ್ಯಬೇಕು, ತೋರಿಸು."

ತೋರಿಸಿದೆ. ತೊಟ್ಟಿಯ ಉಸಿರುಕೊಳವೆ ಈಗ ಹಡಗಿನ ಕಂಬದ ತುದಿಗೆ ಹೋಗುತ್ತದೆ, ಬಯಲು ಗಾಳಿಗೆ. ತೊಟ್ಟಿಯ ನೆತ್ತಿಯಲ್ಲಿ ಯಂತ್ರದ ಮೂಗು ಕೂರುತ್ತದೆ. ಅದಕ್ಕೆ ಗ್ಯಾಸು ತಾಗಿದ ಕ್ಷಣ ಹೈಡ್ರೋಜನ್ ತಾನೇ ಬಂದ್ ಆಗಿ, ಹಡಗು ಬ್ಯಾಟರಿಯ ಮೇಲೆ ದಂಡೆ ಸೇರುತ್ತದೆ. ರಬ್ಬರು ಎಂದಾದರೊಮ್ಮೆ ಸೀಳಿಯೇ ಸೀಳುತ್ತದೆ ಆಯಿ. ಸೀಳಿದ ದಿನ ಹಡಗಿನಲ್ಲಿ ಕೂತವರಿಗೆ ಏನೂ ಆಗಬಾರದು, ನಾನು ಕಟ್ಟಿಸುತ್ತಿರುವುದು ಅದನ್ನು.

ಕಪಾಟು ಒಡೆದು ಎಲ್ಲ ಹೊಸದಾಗಿ ಮಾಡಿ ಪರೀಕ್ಷಿಸಲು ಮಳೆಗಾಲ ಪೂರ್ತಿ ಬೇಕು. ಹಡಗು ಹೊರಡುವುದು ನವೆಂಬರಿಗೆ. ನಾನು ಮತ್ತೆ ಹಡಗಿನ ಮೇಲಿದ್ದೇನೆ.

ನಿಮ್ಮ,
ಉಜ್ವಲಾ


ಐಗಳಿ
17 ಆಗಸ್ಟ್ 2025

ಶ್ರೀಮತಿ ಉಜ್ವಲಾ ಭರತ,
ಸುರಕ್ಷತಾ ಇಂಜಿನಿಯರ್ ಅವರಿಗೆ,

ನಮ್ಮ ಸಂಘದ ಕೋಲ್ಡ್ ಸ್ಟೋರೇಜಿನ ಕೊಳವೆಗಳನ್ನು ಬದಲಾಯಿಸಿದ್ದಾಗಿದೆ. ಅಮೋನಿಯಾ ಸೋರಿದರೆ ಎಚ್ಚರಿಸುವ ಯಂತ್ರಗಳನ್ನು ಕೂರಿಸಬೇಕೆಂದು ಸಭೆಯಲ್ಲಿ ಒಪ್ಪಿಗೆಯಾಗಿದೆ. ಮಾರುವವನು ನೆಲದ ಹತ್ತಿರ ಹಾಕಿ ಅನ್ನುತ್ತಾನೆ, ಮೀರಜದ ಮೆಕ್ಯಾನಿಕ್ ಮಾಳಿಗೆಗೆ ಹಾಕಿ ಅನ್ನುತ್ತಾನೆ. ಇಬ್ಬರಲ್ಲಿ ಯಾರದು ಸರಿ ಎಂದು ತಿಳಿಸಬೇಕು. ಕೆಲಸಗಾರರು ಸೋರಿಕೆಯಾದಾಗ ಯಾವ ಕಡೆಗೆ ಓಡಬೇಕು ಎಂಬುದನ್ನೂ ತಿಳಿಸಬೇಕು. ಹೆಂಗಸರು ಕೂರುವ ಜಾಗವನ್ನು ಹೊರಗಿನ ಶೆಡ್ಡಿಗೆ ಬದಲಿಸಿದ್ದೇನೆ. ಇದನ್ನು ನಾನು ಸಂಘದ ಅಧ್ಯಕ್ಷನಾಗಿ ಕೇಳುತ್ತಿದ್ದೇನೆ.

ಹಡಗು ನವೆಂಬರಿನಲ್ಲಿ ಹೊರಡುತ್ತದೆ ಎಂದು ನಿನ್ನ ಅತ್ತೆ ಹೇಳಿದಳು. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟಣಿ ಅಕ್ಟೋಬರಿನಲ್ಲಿ ಮುಗಿಯುತ್ತದೆ. ಆಮೇಲೆ ನನಗೆ ತೋಟದಲ್ಲಿ ಹೆಚ್ಚಿನ ಕೆಲಸವಿರುವುದಿಲ್ಲ.

ರಾವಸಾಹೇಬ
ಅಧ್ಯಕ್ಷ


ರತ್ನಾಗಿರಿ ಸೀಮೆ
2 ಸೆಪ್ಟೆಂಬರ್ 2025

ಮಾನ್ಯ ಅಧ್ಯಕ್ಷರಿಗೆ,

ಮೀರಜದ ಮೆಕ್ಯಾನಿಕ್ ಹೇಳಿದ್ದು ಸರಿ. ಅಮೋನಿಯಾ ಗಾಳಿಗಿಂತ ಹಗುರ, ಮಾಳಿಗೆಯ ಹತ್ತಿರವೇ ಹಾಕಿಸಿ. ಕಂಪ್ರೆಸರಿನ ನೆತ್ತಿಯ ಮೇಲೆ ಒಂದು ಇರಲೇಬೇಕು. ಜೊತೆಗೆ, ಜನ ನಿಂತು ಕೆಲಸ ಮಾಡುವ ಕಡೆ ಮೂಗಿನ ಎತ್ತರದಲ್ಲೂ ಹಾಕಿಸಿ. ಜೋರಾಗಿ ಸೋರಿದಾಗ ತಣ್ಣನೆಯ ಮಂಜಾಗಿ ಅದು ಕೆಳಗೂ ಹರಿದಾಡುತ್ತದೆ.

ಯಾವ ಕಡೆ ಓಡಬೇಕು ಅನ್ನುವುದನ್ನು ಮೊದಲೇ ಬರೆದಿಡಲು ಬರುವುದಿಲ್ಲ, ಅದು ಆ ದಿನದ ಗಾಳಿಯನ್ನು ನೋಡಿ ತೀರ್ಮಾನಿಸುವುದು. ಮಾಳಿಗೆಯ ಮೇಲೆ ಬಟ್ಟೆಯ ಚೀಲ ಕಟ್ಟಿದ ಕಂಬ ನಿಲ್ಲಿಸಿ. ಚೀಲ ಯಾವ ಕಡೆ ಹಾರುತ್ತದೋ ಆ ಕಡೆ ಓಡಬಾರದು. ಅದಕ್ಕೆ ಅಡ್ಡಲಾಗಿ ಮೊದಲು ಓಡಿ, ಆಮೇಲೆ ಗಾಳಿ ಬರುವ ದಿಕ್ಕಿಗೆ ಹೋಗಬೇಕು. ಇದನ್ನು ಗೋಡೆಗೆ ಬರೆಸಿದರೆ ಸಾಲದು, ತಿಂಗಳಿಗೊಮ್ಮೆ ಎಲ್ಲರನ್ನೂ ಓಡಿಸಿ ನೋಡಬೇಕು. ಅಧ್ಯಕ್ಷರನ್ನೂ.

ಮಾಮಾ, ಮೊದಲ ಓಡಾಟದ ದಿನ ಕಿಟಕಿಯ ಪಕ್ಕದ ಜಾಗಗಳನ್ನು ಐಗಳಿಯವರಿಗೆ ಹಿಡಿದಿಟ್ಟಿದ್ದೇನೆ. ಆಯಿಯನ್ನೂ ನಿಮ್ಮ ಮಗನನ್ನೂ ಕರೆದುಕೊಂಡು ಬನ್ನಿ.

ನಿಮ್ಮ ಸೊಸೆ,
ಉಜ್ವಲಾ


ಐಗಳಿ
30 ನವೆಂಬರ್ 2025

ಚಿ. ಉಜ್ವಲಾ,

ಸುಖವಾಗಿ ಮನೆ ಮುಟ್ಟಿದೆವು. ಭರತನಿಗೆ ನಿನ್ನನ್ನು ಬಿಟ್ಟು ಬಂದ ಮುಖ ಇನ್ನೂ ಸರಿಯಾಗಿಲ್ಲ. ಈ ಸಲ ನಿನ್ನ ರಜೆ ಸಂಕ್ರಾಂತಿಗೆ ಸಿಗಲಿ, ಎಳ್ಳು ಹಚ್ಚಿದ ರೊಟ್ಟಿ ತಟ್ಟಿ ಇಡುತ್ತೇನೆ.

ನಿನಗೆ ಒಂದು ಮಾತು ಬರೆಯಬೇಕು. ಆವತ್ತು ನೀನು ಕೆಳಗಿನ ಯಂತ್ರದ ಕೋಣೆಯಲ್ಲಿದ್ದೆ. ಮೇಲೆ ಏನಾಯಿತು ನಿನಗೆ ಗೊತ್ತಿಲ್ಲ. ದಂಡೆಗೆ ಬಂದ ಮೇಲೆ ಪೇಪರಿನವರು, ಸಾಹೇಬರು ಅಂತ ನಿನ್ನ ಸುತ್ತ ಜಾತ್ರೆಯೇ ನೆರೆದಿತ್ತು. ಹೇಳಲು ಆಗಲಿಲ್ಲ. ನಿನ್ನ ಮಾಮಾ ಅಂತೂ ಹೇಳುವವರಲ್ಲ.

ಹಡಗು ಹೊರಟಾಗ ನನಗೆ ನೆಲ ಜಾರಿದಂತೆ ಆಯಿತೇ ಹೊರತು ಅಂಜಿಕೆಯಾಗಲಿಲ್ಲ. ಅಷ್ಟು ಸಪ್ಪಳವಿಲ್ಲದೆ ಹೋಗುತ್ತದೆ ಅಂತ ಎಲ್ಲರೂ ಬೆರಗಾದರು. ಸಪ್ಪಳವಿಲ್ಲದ ಲೋಕ ನನಗೇನು ಹೊಸದೇ, ನಾನು ಕಿಟಕಿಯಿಂದ ನೀರು ನೋಡುತ್ತ ಕೂತೆ. ನಿನ್ನ ಮಾಮಾ ಕೂತಲ್ಲೇ ತಲೆ ಎತ್ತಿ, ಕಂಬದ ತುದಿಗೆ ಹೋದ ಕೊಳವೆಯನ್ನು ಹುಡುಕುತ್ತಿದ್ದರು.

ಖಾಡಿಯ ನಡುವೆ ಬಂದಾಗ ಎದುರಿನ ಹಳದಿ ದೀಪ ಮಿಣುಕತೊಡಗಿತು. ಗಂಟೆಯೂ ಹೊಡೆಯಿತಂತೆ, ಅದು ನನಗೆ ಕೇಳಲಿಲ್ಲ. ಜನರ ಮುಖ ನೋಡಿ ಗೊತ್ತಾಯಿತು. ಹಡಗು ಸಟ್ಟನೆ ನಿಧಾನವಾಯಿತು. ಯಾರೋ "ಗ್ಯಾಸ್! ಗ್ಯಾಸ್!" ಅಂದರಂತೆ. ಬೆಂಚುಗಳಿಂದ ಎದ್ದವರು ಒಬ್ಬರ ಮೇಲೊಬ್ಬರು ಬಾಗಿಲಿನ ಕಡೆ ನುಗ್ಗಿದರು. ಹಡಗು ಆ ಬದಿಗೆ ವಾಲಿತು. ಒಬ್ಬ ಹೆಣ್ಣುಮಗಳು ಕೂಸನ್ನು ಎದೆಗೆ ಅವುಚಿಕೊಂಡು ಹಡಗಿನ ಅಂಚಿನ ಕಟಾಂಜನದ ಮೇಲೆ ಕಾಲಿಟ್ಟಿದ್ದಳು, ನೀರಿಗೆ ಹಾರುವುದಕ್ಕೆ. ಭರತ ಓಡಿ ಹೋಗಿ ಅವಳ ರಟ್ಟೆ ಹಿಡಿದ. ಆ ಕ್ಷಣ ನನಗೆ ನೀರಿನ ಅಂಜಿಕೆಗಿಂತ ಜನರ ಅಂಜಿಕೆ ಜಾಸ್ತಿಯಾಯಿತು.

ಆಗ ನಿನ್ನ ಮಾಮಾ ಎದ್ದು ನಿಂತರು. ಸಭೆಯಲ್ಲಿ ನಿಲ್ಲುವ ಹಾಗೆ, ಎದೆ ಮುಂದೆ ಮಾಡಿ. ಅವರ ದನಿ ನಿನಗೆ ಗೊತ್ತು, ಕಿವಿಯಂತ್ರವಿಲ್ಲದೆಯೂ ನನಗೆ ಕೇಳುತ್ತದೆ. ಮರಾಠಿಯಲ್ಲಿ ಕೂಗಿದರು:

"ಬಸಾ! ಸಗಳೇ ಖಾಲಿ ಬಸಾ! ಆಮ್ಚೀ ಸೂನ್ ಆಹೆ ತಿಥೇ!"

ಕೂತುಕೊಳ್ಳಿ, ಎಲ್ಲರೂ ಕೆಳಗೆ ಕೂತುಕೊಳ್ಳಿ, ನಮ್ಮ ಸೊಸೆ ಅಲ್ಲಿದ್ದಾಳೆ ಅಂತ. ಜನ ತಿರುಗಿ ನೋಡಿದರು. ಇವರು ನೆಲದ ಕಡೆ ಬೆರಳು ತೋರಿಸಿ, ಯಂತ್ರ ಕೆಟ್ಟಿಲ್ಲ, ಅವಳೇ ನಿಲ್ಲಿಸಿದ್ದಾಳೆ, ನಿಲ್ಲುವ ಹಾಗೆ ಅವಳೇ ಕಟ್ಟಿಸಿದ್ದಾಳೆ, ಗ್ಯಾಸು ಅಗೋ ಆ ಕಂಬದ ತುದಿಯಿಂದ ಆಕಾಶಕ್ಕೆ ಹೋಗುತ್ತಿದೆ, ನಾವು ಬ್ಯಾಟರಿಯ ಮೇಲೆ ದಂಡೆಗೆ ಹೋಗುತ್ತೇವೆ, ನೀವು ಒಂದೇ ಬದಿಗೆ ನುಗ್ಗಿದರೆ ಮಾತ್ರ ಸಾಯುತ್ತೇವೆ ಅಂದರು. ನಿನ್ನ ಕಾಗದದಲ್ಲಿದ್ದದ್ದು ಅಕ್ಷರ ಬಿಡದೆ ಬಂತು. ಆಮೇಲೆ ನಮ್ಮ ಮಾತಿಗೆ ಹೊರಳಿ, ಎದುರಿಗೆ ನಿಂತ ಹಿರಿಯರಿಗೆ, ಅವರಿಗೆ ಕನ್ನಡ ಬರುತ್ತದೋ ಇಲ್ಲವೋ ನೋಡದೆ, "ಆಕಿ ಬಂದ್ ಮಾಡ್ಯಾಳಂದ್ರ ಬಂದ್ ಮಾಡೂದ ಬರೋಬ್ಬರಿ ಇರ್ತೈತಿ. ಕುಂದರ್ರಿ ಯಜಮಾನ್ರ" ಅಂದರು.

ಆ ಹಿರಿಯರು ಕೂತರು. ಕೂಸಿನ ತಾಯಿಯನ್ನು ಭರತ ನನ್ನ ಪಕ್ಕ ತಂದು ಕೂರಿಸಿದ. ಅವಳ ಕೈ ತಣ್ಣಗಿತ್ತು, ನಾನು ಹಿಡಿದುಕೊಂಡೆ. ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಬೆಂಚಿನಲ್ಲಿ ಕೂತರು. ಹಡಗು ನೆಟ್ಟಗಾಯಿತು, ಮೆಲ್ಲಗೆ ಮುಂದೆ ಹೋಯಿತು. ಹೊಸ ಯಂತ್ರದಲ್ಲೂ ಒಂದು ರಬ್ಬರು ಸೀಳಿ, ತೊಟ್ಟಿಗೆ ಗ್ಯಾಸು ಬಂದದ್ದು ಅಂತ ಆಮೇಲೆ ನೀನು ಪೇಪರಿನವರಿಗೆ ಹೇಳುತ್ತಿದ್ದುದನ್ನು ಭರತ ನನಗೆ ಹೇಳಿದ. ಅವರಲ್ಲಿ ಒಬ್ಬ ಮರುದಿನ "ಮೊದಲ ದಿನವೇ ಕೆಟ್ಟು ನಿಂತ ಹಡಗು" ಅಂತ ಬರೆದನಂತೆ. ಬರೆಯಲಿ ಬಿಡು. ಆ ಹಡಗಿನಲ್ಲಿ ಕೂತಿದ್ದವರೆಲ್ಲ ಆ ಪೇಪರನ್ನು ಓದಿದರಲ್ಲ, ಓದಲು ಅವರಿದ್ದರಲ್ಲ.

ದಂಡೆ ಹತ್ತಿರ ಬರುವಷ್ಟರಲ್ಲಿ ಜನ ನಗುನಗುತ್ತ ಮಾತಾಡತೊಡಗಿದ್ದರು. ಯಾರೋ ಚುರುಮುರಿ ಪೊಟ್ಟಣ ಬಿಚ್ಚಿದರು. ನಾನು ನಿನ್ನ ಮಾಮಾನ ಅಂಗಿ ಜಗ್ಗಿ, "ಎಲ್ಲಾರೂ ಕುಂತಾರ, ಇನ್ನ ನೀವೂ ಕುಂದರ್ರಿ" ಅಂದೆ. ಅವರು ಕೇಳಲಿಲ್ಲ. ನೀನು ಕೆಳಗಿನಿಂದ ಮೆಟ್ಟಿಲು ಹತ್ತಿ ಬರುವವರೆಗೂ ಅವರೊಬ್ಬರೇ ನಿಂತಿದ್ದರು.

ನಿನ್ನ ಆಯಿ,
ಸೋನಾಬಾಯಿ